ಬಾಣಂತಿಗೆ ಕಾಸಿದ ನೀರು

ಬಾಣಂತನ ಎಂದರೆ ಆರೈಕೆ ಎನ್ನುತ್ತಾರೆ. ಹಾಗೆ ಹೇಳುವವರು ಸಾಮಾನ್ಯವಾಗಿ ಗಂಡಸರು, ಇಲ್ಲವೇ ಮಾಡಿಸಿಕೊಂಡು ಮರೆತುಹೋದ ಮುದುಕಿಯರು. ಕಿವಿಗೆ ಹತ್ತಿ, ತಲೆಗೆ ಉಣ್ಣೆಯ ಸ್ಕಾರ್ಫು, ಸೊಂಟಕ್ಕೆ ಉಸಿರು ಕಟ್ಟುವಂತೆ ಸುತ್ತಿದ ಹಳೆಯ ಸೀರೆ, ಕಿಟಕಿಗೆ ಗೋಣಿತಟ್ಟಿನ ಪರದೆ. ಕೊಟ್ಟಿಗೆಯಲ್ಲಿ ಕಟ್ಟಿದ ಎಮ್ಮೆಗಾದರೂ ಇದಕ್ಕಿಂತ ಹೆಚ್ಚು ಬೆಳಕು ಕಾಣುತ್ತದೆ. ಬಾಯಿಯೊಂದಕ್ಕೆ ಏನೂ ಕಟ್ಟುವುದಿಲ್ಲ. ಅದು ಮೆಣಸಿನ ಸಾರನ್ನ ಉಣ್ಣುವುದಕ್ಕೆ ಬೇಕಲ್ಲ. ಮಾತಾಡುವುದಕ್ಕಲ್ಲ. ಬಾಣಂತಿ ಹೆಚ್ಚು ಮಾತಾಡಿದರೆ ವಾಯು, ಹೆಚ್ಚು ಯೋಚಿಸಿದರೆ ಸನ್ನಿ, ಅತ್ತರೆ ಎದೆಹಾಲು ಕೆಡುತ್ತದೆ. ಮಾತಿನ ಮಲ್ಲಿ ಎನಿಸಿಕೊಂಡಿದ್ದ ನನ್ನನ್ನು ಇಂಥ ಕೋಣೆಯಲ್ಲಿ ಕೂಡಿಹಾಕಿದವಳು ಬೇರೆ ಯಾರೂ ಅಲ್ಲ, ನನ್ನ ಹೆತ್ತ ತಾಯಿ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನನ್ನ ತವರು ಬಸವನಗುಡಿಯಲ್ಲಿ, ಗಾಂಧಿ ಬಜಾರಿಗೆ ಹೂವಿನ ಬುಟ್ಟಿ ಹೊತ್ತು ನಡೆದೇ ಹೋಗುವಷ್ಟು ಹತ್ತಿರ. ಬೀದಿಯ ಉಳಿದ ಮನೆಗಳು ವಕೀಲರವು, ಮೇಷ್ಟರುಗಳವು, ಸರ್ಕಾರಿ ಗುಮಾಸ್ತರವು. ಕೊನೆಯ ಮನೆ ತೋಟದವರದು, ಅಂದರೆ ನಮ್ಮದು. ತಾತ ಹಳ್ಳಿ ಬಿಟ್ಟು ಬಂದು ಹಿಡಿದ ನೆಲ. ಸುತ್ತ ಮನೆಗಳು ಬೆಳೆದು ಬೆಳೆದು, ಕೊನೆಗೆ ಉಳಿದದ್ದು ನಮ್ಮ ಹಿತ್ತಿಲ ಹಿಂದಿನ ಒಂದು ತುಂಡು. ಅದರಲ್ಲಿ ಅಪ್ಪ ಕನಕಾಂಬರ, ಗುಲಾಬಿ ಬೆಳೆಯುತ್ತಿದ್ದರು. ಬೆಳಕು ಹರಿಯುವ ಮೊದಲೇ ಹೂ ಬಿಡಿಸಿ ಗಾಂಧಿ ಬಜಾರಿನ ಹೂವಿನವರಿಗೆ ಹಾಕಿ ಬರುತ್ತಿದ್ದರು.

ಬೀದಿಯ ದೊಡ್ಡ ಮನೆಗಳವರು ಅಪ್ಪನನ್ನು "ಏನಯ್ಯ" ಎಂದೇ ಮಾತಾಡಿಸುತ್ತಿದ್ದದ್ದು. ನಮ್ಮ ಬಾವಿಯ ಹತ್ತಿರ ಬಂದಾಗ ಮಾತ್ರ ಅದು "ಯಜಮಾನ್ರೇ" ಆಗುತ್ತಿತ್ತು. ಬೇಸಿಗೆಯಲ್ಲಿ ಅವರ ಬಾವಿಗಳು ತಳ ಕಂಡರೂ ನಮ್ಮದು ಬತ್ತುತ್ತಿರಲಿಲ್ಲ. ನೀರು ಸಿಹಿ, ಬೇಳೆ ಬೇಗ ಬೇಯುತ್ತದೆ ಎಂದು ಹೆಂಗಸರ ಸರ್ಟಿಫಿಕೇಟು. ಬೀದಿಗೆ ನಲ್ಲಿ ಬಂದ ಮೇಲೂ ಬಟ್ಟೆಗೆ, ಪಾತ್ರೆಗೆ ನಲ್ಲಿ ನೀರು. ಕುಡಿಯುವುದಕ್ಕೆ, ಅಡುಗೆಗೆ, ಮುಖ್ಯವಾಗಿ ಬಾಣಂತಿ ಮಗುವಿಗೆ ಎರೆಯುವುದಕ್ಕೆ ನಮ್ಮ ಬಾವಿ ನೀರೇ ಆಗಬೇಕು. ಅಪ್ಪ ಯಾರಿಗೂ ಇಲ್ಲ ಎಂದವರಲ್ಲ. ಕೊಡ ಹಿಡಿದು ಬಂದವರ ಎದುರು ಬಾವಿಕಟ್ಟೆಯ ಮೇಲೆ ಕೈಯಿಟ್ಟು ನಿಂತರೆ ಅವರ ಎದೆ ಒಂದು ಗೇಣು ಅಗಲವಾಗುತ್ತಿತ್ತು. ಆ ಬೀದಿಯಲ್ಲಿ ಅವರಿಗಿದ್ದ ಮರ್ಯಾದೆಯೆಲ್ಲ ಆ ಬಾವಿಯೊಳಗೇ ಇತ್ತು.

ನಾನು ಮದುವೆಯಾಗಿ ಶೇಷಾದ್ರಿಪುರಕ್ಕೆ ಹೋದ ಮೇಲೆ ತೋಟದ ಕೆಲಸ ಅಣ್ಣನ ಕೈಗೆ ಬಂತು. ಅಷ್ಟು ಹೊತ್ತಿಗೆ ಕನಕಾಂಬರಕ್ಕೆ ಬೇರುಗಂಟಿನ ಕಾಟ ಶುರುವಾಗಿತ್ತು. ಗಿಡ ಕಿತ್ತು ನೋಡಿದರೆ ಬೇರಿನ ತುಂಬ ಸಾಸಿವೆಯಷ್ಟು ಸಾಸಿವೆಯಷ್ಟು ಗಂಟು. ಕಣ್ಣಿಗೆ ಕಾಣದ ಹುಳ ಅದರೊಳಗೆ ಕೂತು ಗಿಡವನ್ನು ಸೊರಗಿಸುತ್ತದೆ. ಅದಕ್ಕೆ ಎಲೆಗೆ ಹೊಡೆಯುವ ಔಷಧಿ ನಾಟುವುದಿಲ್ಲ, ಮಣ್ಣಿಗೇ ಹಾಕಬೇಕು. ಅಣ್ಣ ಎಲ್ಲಿಂದಲೋ ತಲೆಬುರುಡೆಯ ಚಿತ್ರವಿದ್ದ ತಗಡಿನ ಡಬ್ಬ ತಂದ. ಸೈಕಲ್ ಪಂಪನ್ನು ದೊಡ್ಡದು ಮಾಡಿದಂಥ ಒಂದು ಕಬ್ಬಿಣದ ಕೊಳವೆಯಿಂದ ಔಷಧಿಯನ್ನು ಮಣ್ಣಿನ ಆಳಕ್ಕೆ ಚುಚ್ಚಿ ಬಿಡುವುದು, ತೂತನ್ನು ಹಿಮ್ಮಡಿಯಿಂದ ತುಳಿದು ಮುಚ್ಚುವುದು, ಮೇಲೆ ನೀರು ಹಾಯಿಸುವುದು. ಅದು ಒಳಗೊಳಗೇ ಆವಿಯಾಗಿ ಹರಡಿ ಹುಳವನ್ನು ಕೊಲ್ಲುತ್ತದಂತೆ. ಬಾವಿಯ ಮಗ್ಗುಲಲ್ಲಿದ್ದ ಪಾತಿಯಲ್ಲೇ ಹುಳದ ಕಾಟ ಜಾಸ್ತಿ. ಆದ್ದರಿಂದ ಔಷಧಿಯೂ ಅಲ್ಲಿಗೇ ಜಾಸ್ತಿ. ಕೆಲಸ ಮುಗಿದ ಮೇಲೆ ಕೊಳವೆಯನ್ನೂ ಬಕೆಟ್ಟನ್ನೂ ಬಾವಿಕಟ್ಟೆಯಲ್ಲೇ ತೊಳೆಯುತ್ತಿದ್ದ. ನೀರಿರುವಲ್ಲಿ ತಾನೇ ತೊಳೆಯುವುದು! ಒಂದೆರಡು ವರ್ಷ ಕನಕಾಂಬರ ಬೆಂಕಿಯ ಹಾಗೆ ಬಿಟ್ಟಿತು. ಅಪ್ಪ ಬಂದವರಿಗೆಲ್ಲ ಮಗನ ಬುದ್ಧಿವಂತಿಕೆ ಹೇಳಿಕೊಂಡು ತಿರುಗಿದರು.

ಆಗಲೇ ನಾನು ಚೊಚ್ಚಲ ಹೆರಿಗೆಗೆ ತವರಿಗೆ ಬಂದದ್ದು. ಹೆಣ್ಣು ಮಗು. ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನದಿಂದಲೇ ಎರೆಯುವುದು ಶುರುವಾಯಿತು.

ನಮ್ಮ ಬಚ್ಚಲುಮನೆ ಹಿತ್ತಿಲಲ್ಲಿ, ಬಾವಿಗೆ ಎದುರಾಗಿ ಇತ್ತು. ಒಂದೇ ಬಾಗಿಲು. ಕಿಟಕಿ ಅನ್ನುವಂಥದ್ದು ಒಂದು ಗವಾಕ್ಷಿ, ಅದಕ್ಕೂ ಬಾಣಂತನದ ಲೆಕ್ಕದಲ್ಲಿ ಹಳೆ ಚಿಂದಿ ತುರುಕಿದ್ದರು. ಮೂಲೆಯ ಒಲೆಯ ಮೇಲೆ ತಾಮ್ರದ ದೊಡ್ಡ ಹಂಡೆ. ಅಮ್ಮ ಬೆಳಿಗ್ಗೆಯೇ ಬಾವಿಯಿಂದ ಸೇದಿ ಹಂಡೆ ತುಂಬಿಸಿ, ಸೌದೆ ಒಟ್ಟಿ, ನೀರು ಮರಳಿಸಿ, ಬಾಗಿಲು ಮುಚ್ಚಿ, ಹಂಡೆಯ ಮುಚ್ಚಳ ತೆಗೆಯುತ್ತಿದ್ದಳು. ಬಚ್ಚಲುಮನೆಯೆಲ್ಲ ಹಬೆ. ಎದುರಿನ ಗೋಡೆ ಕಾಣಿಸುತ್ತಿರಲಿಲ್ಲ. ಆ ನೀರನ್ನು ಚೊಂಬಿನಿಂದ ಬೆನ್ನಿಗೆ, ಸೊಂಟಕ್ಕೆ ಬೀಸಿ ಬೀಸಿ ಹೊಯ್ಯುವಳು. ನಾನು "ಅಯ್ಯೋ ಸುಡುತ್ತೆ" ಎಂದರೆ "ಸುಡ್ಲಿ, ಮುಂದೆ ಸೊಂಟ ನೋವು ಅಂತ ನನ್ ಹತ್ರ ಬರಬೇಡ" ಎನ್ನುವಳು. ನನ್ನದಾದ ಮೇಲೆ ಮಗುವಿನದು. ಮಣೆಯ ಮೇಲೆ ಕಾಲು ಚಾಚಿ ಕೂತು, ಆ ಕಾಲುಗಳ ಮೇಲೆ ಮಗುವನ್ನು ಬೋರಲು ಮಲಗಿಸಿ, ಎಣ್ಣೆ ತೀಡಿ, ಹದ ಮಾಡಿದ ನೀರು ಹೊಯ್ಯುತ್ತಿದ್ದಳು. ಹೊರಗೆ ಬಂದರೆ ಸಾಂಬ್ರಾಣಿ ಹೊಗೆ.

ಆ ಹಬೆಯಲ್ಲಿ ಒಂದು ವಾಸನೆ ಇತ್ತು. ಸಿಹಿಯಾದ, ಮೂಗಿನ ಮೇಲ್ಭಾಗಕ್ಕೆ ಹೋಗಿ ಕೂತುಕೊಳ್ಳುವ, ಆಸ್ಪತ್ರೆಯ ಆಪರೇಷನ್ ಕೋಣೆಯ ಹತ್ತಿರ ಬರುವಂಥ ವಾಸನೆ. ಮೊದಲ ದಿನಗಳಲ್ಲಿ ಸಾಂಬ್ರಾಣಿಯದೋ ಸೀಗೆಪುಡಿಯದೋ ಇರಬೇಕು ಅಂದುಕೊಂಡೆ. ಆಮೇಲೆ ಗಮನಿಸಿದೆ: ಎರೆಸಿಕೊಂಡು ಬಂದ ಮೇಲೆ ತಲೆ ಸಿಡಿಯುತ್ತದೆ, ಕಣ್ಣುರಿ, ಹೊಟ್ಟೆ ತೊಳಸಿ ಬರುತ್ತದೆ. ಅಮ್ಮ ನೋಡಿ ನಂಜು ಎಂದಳು, ಬೆಳ್ಳುಳ್ಳಿ ಜಾಸ್ತಿ ಮಾಡಿದಳು. ನಂಜು ಇಳಿಯಲಿಲ್ಲ, ಬೆಳ್ಳುಳ್ಳಿ ಮಾತ್ರ ಇಳಿಯಿತು.

ನನ್ನದು ಹೇಗೋ ಇರಲಿ. ನನಗೆ ಭಯವಾದದ್ದು ಮಗುವಿನ ನಿದ್ದೆ ನೋಡಿ.

ಎರೆದ ಮೇಲೆ ಮಗು ಎಷ್ಟು ಹೊತ್ತು ಮಲಗುತ್ತದೆ ಎನ್ನುವುದರ ಮೇಲೆ ಎರೆದವಳ ಹೆಸರು ನಿಂತಿರುತ್ತದೆ. ಚೆನ್ನಾಗಿ ಎರೆದರೆ ಚೆನ್ನಾದ ನಿದ್ದೆ. ನನ್ನ ಮಗಳು ಮಲಗಿದರೆ ಮಧ್ಯಾಹ್ನ ದಾಟಿದರೂ ಹಾಲಿಗೆ ಏಳುತ್ತಿರಲಿಲ್ಲ. ಎದೆ ಕಟ್ಟಿ ನೋವಾಗಿ ನಾನೇ ಎಬ್ಬಿಸಲು ಹೋದರೆ, ಅಂಗಾಲು ತಟ್ಟಿದರೂ ಕಿವಿ ಹಿಂಡಿದರೂ ಮುಖ ಕಿವುಚಿ ಮತ್ತೆ ಸೋತು ಬೀಳುವುದು. ಕೈ ಎತ್ತಿ ಬಿಟ್ಟರೆ ಬಟ್ಟೆಯ ಹಾಗೆ ಬೀಳುತ್ತಿತ್ತು. ಎದ್ದ ಮೇಲೆ ಕುಡಿದದ್ದನ್ನೆಲ್ಲ ಕಕ್ಕುತ್ತಿತ್ತು. ಅಮ್ಮನಿಗೋ ಇದೇ ಹೆಮ್ಮೆ. ಅಕ್ಕಪಕ್ಕದವರು ತೊಟ್ಟಿಲ ಹತ್ತಿರ ಬಂದು ನಿಂತು, "ಎಂಥ ನಿದ್ದೆ ಮಾಡುತ್ತೆ ನೋಡ್ರೀ ಕೂಸು! ನಿಮ್ಮ ಕೈಗುಣ ಕಣ್ರೀ" ಎಂದರೆ ಅಮ್ಮ, "ನನ್ ಕೈಯಲ್ಲೇನಿದೆ, ನೀರಿನ ಗುಣ" ಎನ್ನುತ್ತಿದ್ದಳು. ಎಷ್ಟು ಸರಿಯಾಗಿ ಹೇಳುತ್ತಿದ್ದಳು ಎಂದು ಈಗ ನೆನೆದರೆ ಮೈ ಉರಿಯುತ್ತದೆ.

ಒಂದು ಸಂಜೆ ಅಣ್ಣ ತೋಟದಿಂದ ನೇರವಾಗಿ ಬಂದು ಕೋಣೆಯ ಬಾಗಿಲಲ್ಲಿ ನಿಂತು ಮಗುವನ್ನು ಇಣುಕಿ ನೋಡಿದ. ಅವನ ಅಂಗಿಯಿಂದ ಅದೇ ವಾಸನೆ ಬಂತು. ಸಿಹಿ, ಮೂಗಿನ ಮೇಲೆ ಹೋಗಿ ಕೂರುವಂಥದ್ದು. ಏನು ಕೆಲಸ ಮಾಡ್ತಿದ್ದೆ ಎಂದು ಕೇಳಿದೆ. ಬಾವಿ ಪಕ್ಕದ ಪಾತಿಗೆ ಔಷಧಿ ಹಾಕುತ್ತಿದ್ದೆ, ಹೊಸ ಸಸಿ ಇಡಬೇಕು ಎಂದ.

ಮರುದಿನ ಎರೆಯಲು ಕರೆದಾಗ ಅಮ್ಮನಿಗೆ ಹೇಳಿದೆ.

"ಅಮ್ಮ, ನೀರು ವಾಸನೆ ಬರುತ್ತೆ. ಅಣ್ಣ ಹಾಕ್ತಾನಲ್ಲ, ಆ ಔಷಧಿದು."

"ಬಾಣಂತಿ ಮೂಗು ನಾಯಿ ಮೂಗು. ಎಲ್ಲಾ ವಾಸನೆ ಬರುತ್ತೆ."

"ಮಗು ಹೀಗೆ ಪ್ರಜ್ಞೆ ಇಲ್ದಂಗೆ ಮಲಗುತ್ತಲ್ಲ, ನಿಂಗೆ ಭಯ ಆಗಲ್ವಾ?"

"ಬಿಡ್ತು ಅನ್ನು! ಮಲಗಿರೋ ಕೂಸಿನ ಮೇಲೆ ನೀನೇ ದೃಷ್ಟಿ ಹಾಕ್ತೀಯಲ್ಲೇ." ಅಮ್ಮ ತಕ್ಷಣ ಮೆಣಸಿನಕಾಯಿ, ಉಪ್ಪು ತಂದು ನನ್ನ ದೃಷ್ಟಿಯನ್ನೇ ನಿವಾಳಿಸಿ ಒಲೆಗೆ ಹಾಕಿದಳು. ಆಮೇಲೆ ಸ್ವಲ್ಪ ಕನಿಕರದಿಂದ, "ನಿನ್ ಸಮಾಧಾನಕ್ಕೆ ಇವತ್ತಿಂದ ಇನ್ನೂ ಚೆನ್ನಾಗಿ ಕುದಿಸ್ತೀನಿ ಆಯ್ತಾ? ಕುದಿಸಿದ ಮೇಲೆ ಏನಿದ್ರೂ ಸತ್ತೋಗುತ್ತೆ" ಎಂದಳು.

ಕುದಿಸಿದಳು. ಹೆಚ್ಚು ಸೌದೆ, ಹೆಚ್ಚು ಹಬೆ, ಬಾಗಿಲ ಸಂದಿಗೂ ಗೋಣಿ. ಈ ಜಾತಿಯ ಔಷಧಿ ಮಣ್ಣಿನ ಸಂದಿಗಳಲ್ಲಿ ಇಳಿದು ನೀರಿಗೆ ಸೇರುತ್ತದೆ, ತಂಪು ನೀರಿನಲ್ಲಿ ತೆಪ್ಪಗಿರುತ್ತದೆ, ಕಾಯಿಸಿದರೆ ನೀರು ಬಿಟ್ಟು ಗಾಳಿಗೆ ಬರುತ್ತದೆ, ಮುಚ್ಚಿದ ಕೋಣೆಯಲ್ಲಾದರೆ ನೇರ ಎದೆಗೂಡಿಗೆ ಎಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ಗೊತ್ತಿದ್ದದ್ದು ಇಷ್ಟೇ: ಅಮ್ಮ ಹೆಚ್ಚು ಪ್ರೀತಿ ಮಾಡಿದಷ್ಟೂ ಮಗು ಹೆಚ್ಚು ಸೋತು ಬೀಳುತ್ತಿತ್ತು. ನನಗೆ ಅತ್ತ ದರಿ, ಇತ್ತ ಪುಲಿ. ಹೇಳಿದರೆ ಸನ್ನಿ, ಸುಮ್ಮನಿದ್ದರೆ ಮಗು.

ಭಾನುವಾರ ನನ್ನ ಗಂಡ ಬಂದರು. ಒಳ್ಳೆಯ ಮನುಷ್ಯ, ಸರ್ಕಾರಿ ಕಚೇರಿಯ ಗುಮಾಸ್ತರು. ಅಳಿಯನಾಗಿ ಬಂದ ಮನೆಯಲ್ಲಿ ಕುರ್ಚಿಯ ತುದಿಯಲ್ಲೇ ಕೂರುವವರು. ಬಾಣಂತಿ ಕೋಣೆಯ ಬಾಗಿಲ ಹೊರಗೆ ನಿಂತು ಮಗುವನ್ನು ನೋಡಿ, "ಆರಾಮಾಗಿ ಮಲಗಿದಾಳಲ್ಲ" ಎಂದರು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

"ರೀ, ನನ್ನ ಕರ್ಕೊಂಡ್ಹೋಗ್ಬಿಡಿ. ಇವತ್ತೇ."

"ಈಗ್ಲಾ? ಇನ್ನೂ ಎರಡು ತಿಂಗಳು ತುಂಬಿಲ್ಲ. ಐದನೇ ತಿಂಗಳಲ್ಲಿ ಕಳಿಸ್ತೀವಿ ಅಂದಿದಾರೆ ಅತ್ತೆ. ಮಧ್ಯದಲ್ಲಿ ಕರ್ಕೊಂಡ್ಹೋದ್ರೆ ಇವ್ರು ಸರಿಯಾಗಿ ನೋಡ್ಕೊಂಡಿಲ್ಲ ಅಂತ ಆಗಲ್ವಾ? ನಮ್ಮಮ್ಮ ಏನನ್ಕೋತಾರೆ, ನಿಮ್ಮಮ್ಮ ಏನನ್ಕೋತಾರೆ..."

"ನಾನೇನನ್ಕೋತೀನಿ ಅಂತ ಯಾರೂ ಕೇಳಲ್ವಾ?"

ಅವರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ನೋಡೋಣ, ಡಾಕ್ಟರಮ್ಮನ್ನ ಕೇಳೋಣ ಎಂದರು. ಡಾಕ್ಟರಮ್ಮ ಬಂದರು ಕೂಡ. ನೀರು ಕುದಿಸಿ ಬಳಸುತ್ತೀರಾ ಎಂದು ಕೇಳಿದರು. ಹೌದು ಎಂದು ಅಮ್ಮ ಹೇಳಿದಳು. ಹಾಗಾದರೆ ಭಯವಿಲ್ಲ, ಚೊಚ್ಚಲು, ಹುಡುಗಿಗೆ ಸ್ವಲ್ಪ ಗಾಬರಿ ಎಂದು ನನಗೆ ಶಕ್ತಿಯ ಟಾನಿಕ್ ಬರೆದುಕೊಟ್ಟು ಹೋದರು.

ಕೋಣೆಯ ಗೋಣಿ ಪರದೆಗೆ ಒಂದು ಹರುಕಿತ್ತು. ಆ ದಿನಗಳಲ್ಲಿ ನನ್ನ ಪ್ರಪಂಚವೆಲ್ಲ ಆ ಹರುಕಿನ ಅಗಲ. ಒಂದು ಮುಂಜಾನೆ ಅದರಿಂದ ನೋಡುತ್ತಿದ್ದೆ. ಅತ್ತಿಗೆ ಬೀದಿ ನಲ್ಲಿಯಿಂದ ಬಕೆಟ್ ತುಂಬಿಕೊಂಡು ಮನೆಯ ಪಕ್ಕದ ಓಣಿಯಲ್ಲಿ ಮೆಲ್ಲಗೆ ಬಂದಳು. ತನ್ನ ಎರಡು ಮಕ್ಕಳನ್ನು ಅಲ್ಲೇ ನಿಲ್ಲಿಸಿಕೊಂಡು, ಯಾರೂ ಏಳುವ ಮೊದಲು, ಆ ತಣ್ಣೀರಿನಲ್ಲೇ ಸ್ನಾನ ಮಾಡಿಸಿದಳು. ಮಕ್ಕಳು ಗಡಗಡ ನಡುಗುತ್ತಿದ್ದವು. ಆಮೇಲೆ ಒಂದು ತಂಬಿಗೆಯಲ್ಲಿ ಅದೇ ನೀರು ಕುಡಿಸಿ, ಉಳಿದದ್ದನ್ನು ಪಾತ್ರೆ ತೊಳೆಯುವ ಕಲ್ಲಿನ ಹಿಂದೆ ಮುಚ್ಚಿಟ್ಟಳು. ಮೂರು ಹೊತ್ತೂ ಬಾವಿ ನೀರಿನ ಗುಣಗಾನ ಮಾಡುವ ಮನೆಯಲ್ಲಿ, ಕಳ್ಳನ ಹಾಗೆ.

ಊಟ ತಂದಾಗ ನೇರವಾಗಿ ಕೇಳಿಬಿಟ್ಟೆ. ಅತ್ತಿಗೆ ತಟ್ಟೆ ಇಟ್ಟು ಬಾಗಿಲ ಕಡೆ ನೋಡಿದಳು.

"ನಿಮ್ಮಣ್ಣನ ಬಟ್ಟೆ ಒಗೆಯೋಳು ನಾನು. ಒಗೆದ ದಿನ ತಲೆ ಎತ್ತಕ್ಕಾಗಲ್ಲ. ಆಮೇಲೆ ಬಾವಿ ನೀರಲ್ಲೂ ಅದೇ ವಾಸನೆ ಬರೋಕೆ ಶುರುವಾಯ್ತು."

"ನಂಗ್ಯಾಕೆ ಹೇಳ್ಲಿಲ್ಲ ಅತ್ತಿಗೆ?"

"ನೀನು ಬರೋಕ್ ಮುಂಚೆ ಮಾವನಿಗೆ ಒಂದ್ಸಲ ಹೇಳ್ದೆ ಕಣಮ್ಮ. 'ನಿಮ್ಮೂರಲ್ಲಿ ಬಾವಿ ಇತ್ತೇನಮ್ಮ?' ಅಂತ ಕೇಳಿದ್ರು. ಅಷ್ಟೇ. ನಮ್ಮೂರಲ್ಲಿ ಕೆರೆ ನೀರು ಕುಡಿದು ಬೆಳೆದೋಳು ನಾನು, ಬಾವಿ ನೀರಿಗೆ ಹೆಸರಿಡ್ತೀನಾ ಅಂತ." ಅತ್ತಿಗೆ ನನ್ನ ಮಗುವನ್ನು ನೋಡಿದಳು. "ನಾನು ಸೊಸೆ. ನೀನು ಮಗಳು. ನೀನ್ ಹೇಳಿದ್ರೆ ಕೇಳ್ತಾರೆ ಅಂದ್ಕೊಂಡಿದ್ದೆ."

ಮಗಳು ಹೇಳಿದ್ದಾಗಿತ್ತು. ಮಗಳಿಗೆ ದೃಷ್ಟಿ ನಿವಾಳಿಸಿದ್ದೂ ಆಗಿತ್ತು. ಇಬ್ಬರೂ ಒಂದು ಉಪಾಯ ಮಾಡಿದೆವು. ಮರುದಿನ ಅತ್ತಿಗೆ ಕತ್ತಲಿರುವಾಗಲೇ ಎದ್ದು ಹಂಡೆಗೆ ನಲ್ಲಿ ನೀರು ತುಂಬಿಸಿದಳು. ಅಮ್ಮ ಬಂದು ಹಂಡೆ ತುಂಬಿರುವುದನ್ನು ಕಂಡು ಖುಷಿಪಟ್ಟಳು, ಮುಚ್ಚಳ ತೆಗೆದಳು, ಮೂಗು ಅರಳಿಸಿದಳು. ನಲ್ಲಿ ನೀರಿಗೆ ಬ್ಲೀಚಿಂಗ್ ಪೌಡರಿನ ವಾಸನೆ ಇರುತ್ತದಲ್ಲ. ಬಾವಿಯ ವಾಸನೆ ತಿಳಿಯದ ಮೂಗಿಗೆ ಅದು ಆ ಕ್ಷಣವೇ ತಿಳಿಯಿತು.

"ಯಾರೇ ಇದು ಪೌಡರ್ ನೀರು ತುಂಬಿರೋದು? ಹಸುಗೂಸಿಗೆ ಇದ್ರಲ್ಲಿ ಎರೀತಾರಾ? ಚರ್ಮ ಸುಲಿದೋಗಲ್ವಾ?"

ಅತ್ತಿಗೆ ತಲೆ ತಗ್ಗಿಸಿ ನಿಂತಳು. ಸೋಮಾರಿ, ಬಾವಿಯಿಂದ ಸೇದಲು ಮೈ ನೋವು, ನಾದಿನಿಯ ಬಾಣಂತನ ಎಂದರೆ ಹೊಟ್ಟೆಕಿಚ್ಚು, ಏನೇನೋ ಬೈಸಿಕೊಂಡಳು. ನಾನು ಒಳಗಿನಿಂದ, "ನಾನೇ ತುಂಬಿಸು ಅಂದೆ" ಎಂದು ಕೂಗಿದೆ. ಅದಕ್ಕೂ ಅವಳಿಗೇ ಬೈಗುಳ: ಬಾಣಂತಿಯ ತಲೆಗೆ ಇಲ್ಲದ್ದು ತುಂಬಿದಳಂತೆ. ಅಮ್ಮ ಹಂಡೆಯನ್ನು ಬರಿದು ಮಾಡಿ, ಬಾವಿಯಿಂದ ತಾನೇ ಸೇದಿ, ಎರಡು ಪಟ್ಟು ಕುದಿಸಿದಳು.

ಅದಾಗಿ ಒಂದು ವಾರವೂ ಆಗಿರಲಿಲ್ಲ. ನನಗೆ ಎರೆದಾಗಿತ್ತು. ತಲೆಗೆ ಬಟ್ಟೆ ಸುತ್ತಿಕೊಂಡು ಬಚ್ಚಲುಮನೆಯ ಒಳಗೇ ಗೋಡೆಗೆ ಒರಗಿ ಕೂತಿದ್ದೆ. ಮಗುವಿನದು ಮುಗಿಯುವವರೆಗೆ ಬಾಗಿಲು ತೆಗೆಯುವ ಹಾಗಿಲ್ಲ. ಹಬೆಯಲ್ಲಿ ಅಮ್ಮನ ಬೆನ್ನು ಮಾತ್ರ ಮಸುಕಾಗಿ ಕಾಣುತ್ತಿತ್ತು. ನೀರು ಹೊಯ್ಯುವ ಸದ್ದು ನಿಂತಿತು. ಕಡಲೆಹಿಟ್ಟು ತಿಕ್ಕುತ್ತಿರಬೇಕು ಅಂದುಕೊಂಡೆ. ಸ್ವಲ್ಪ ಹೊತ್ತಾದರೂ ಸದ್ದಿಲ್ಲ. ನೋಡಿದರೆ ಅಮ್ಮನ ತಲೆ ಹಂಡೆಯ ಕಡೆ ವಾಲಿತ್ತು. ಚೊಂಬು ಕೈಯಲ್ಲೇ ಇತ್ತು. ಮಗು ಎಣ್ಣೆಯ ಮೈಯಲ್ಲಿ ಅವಳ ಕಾಲ ಮೇಲಿಂದ ಇಷ್ಟಿಷ್ಟೇ ಜಾರುತ್ತಾ ಬಚ್ಚಲ ಕಲ್ಲಿನ ನೀರಿಗೆ ಮುಖ ಮಾಡಿ ಇಳಿಯುತ್ತಿತ್ತು. ಅಳುತ್ತಿರಲಿಲ್ಲ.

ಹೇಗೆ ಎದ್ದೆನೋ ಗೊತ್ತಿಲ್ಲ. ನನ್ನ ಕಾಲೂ ನನ್ನ ಮಾತು ಕೇಳುತ್ತಿರಲಿಲ್ಲ. ಮಗುವನ್ನು ಎದೆಗೆ ಅವಚಿಕೊಂಡು ಬಾಗಿಲನ್ನು ಒದ್ದೆ. ಗೋಣಿ ಸಿಕ್ಕಿಕೊಂಡು ತೆರೆಯಲಿಲ್ಲ. ಮತ್ತೆ ಒದ್ದೆ. ತೆರೆಯಿತು. ತಲೆಯ ಬಟ್ಟೆ ಕಳಚಿ ಬಿದ್ದು, ಒದ್ದೆ ಕೂದಲು ಬಿಟ್ಟುಕೊಂಡು, ಬಾಣಂತಿ ಹಿತ್ತಿಲ ಗಾಳಿಯಲ್ಲಿ ನಿಂತಿದ್ದೆ. ಅತ್ತಿಗೆ ಓಡಿ ಬಂದಳು. ಮಗುವನ್ನು ಅವಳ ಸೆರಗಿಗೆ ಹಾಕಿ, ಇಬ್ಬರೂ ಸೇರಿ ಅಮ್ಮನ ರಟ್ಟೆ ಹಿಡಿದು ಹೊರಗೆ ಎಳೆದೆವು. ಗಾಳಿ ತಾಗಿ ಸ್ವಲ್ಪ ಹೊತ್ತಿಗೆ ಮಗು ಕ್ಷೀಣವಾಗಿ ಅತ್ತಿತು. ಅಷ್ಟು ಮಧುರವಾದ ಸದ್ದನ್ನು ನಾನು ಮತ್ತೆ ಕೇಳಿಲ್ಲ. ಅಮ್ಮ ಕಣ್ಣು ಬಿಟ್ಟು ಮೊದಲು ಹೇಳಿದ್ದು: "ಒಳಗೆ ಹೋಗೇ, ಗಾಳಿ ಸೋಕುತ್ತೆ."

ಅಪ್ಪ, ಅಣ್ಣ ತೋಟದಿಂದ ಬಂದರು. ಬಿಸಿಗೆ ತಲೆ ತಿರುಗಿದೆ, ವಯಸ್ಸಾಯ್ತಲ್ಲ ಎಂದರು ಅಪ್ಪ. ನಾನು ಅಣ್ಣನನ್ನೇ ಹಿಡಿದುಕೊಂಡೆ.

"ಆ ಡಬ್ಬದ ಮೇಲೆ ತಲೆಬುರುಡೆ ಯಾಕಿದೆ ಅಣ್ಣ?"

"ಅದು ಮಣ್ಣಿಗೆ ಹಾಕೋದು. ನೀರಿಗೆ ಯಾರ್ ಹಾಕಿದ್ರು?"

"ಮಣ್ಣಿನ ಕೆಳಗೆ ಏನಿದೆ?"

ಅಣ್ಣ ಬಾವಿಯ ಕಡೆ ನೋಡಿದ. ಅವನಿಗೆ ಗೊತ್ತಾಯಿತು, ಮುಖ ಹೇಳುತ್ತಿತ್ತು. ಅವನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ, "ಸಾಕು! ಇವತ್ತಿನವರೆಗೆ ಈ ಬೀದೀಲಿ ನಮ್ಮ ನೀರಿಗೆ ಒಬ್ರೂ ಹೆಸರಿಟ್ಟಿಲ್ಲ. ಮನೆ ಮಗಳೇ ಇಡ್ತಾಳೆ ಅಂದ್ರೆ..." ಎಂದು ಕೈ ಕೊಡವಿದರು. ಅಣ್ಣ ಬಾಯಿ ಮುಚ್ಚಿಕೊಂಡ.

ನಾನು ಅಂದೇ ಪಕ್ಕದ ಬೀದಿಯ ಮೆಡಿಕಲ್ ಸ್ಟೋರಿನಿಂದ ಗಂಡನ ಕಚೇರಿಗೆ ಫೋನ್ ಮಾಡಿಸಿದೆ, ಅತ್ತಿಗೆಯ ಕೈಯಲ್ಲೇ. ಬರದಿದ್ದರೆ ಮಗು ಎತ್ತಿಕೊಂಡು ನಡೆದೇ ಬರುತ್ತೇನೆ, ಬಸವನಗುಡಿಯಿಂದ ಶೇಷಾದ್ರಿಪುರದವರೆಗೆ ಬಾಣಂತಿ ನಡೆಯುವುದನ್ನು ಊರು ನೋಡಲಿ ಎಂದು ಹೇಳಿಸಿದೆ. ನನ್ನ ಗಂಡನಿಗೆ ನನಗಿಂತ ಊರಿನ ಭಯ ಜಾಸ್ತಿ. ಮರುದಿನ ಬೆಳಿಗ್ಗೆಯೇ ಆಟೋ ಬಂದು ನಿಂತಿತು.

ಅಮ್ಮ ಜಗಳವಾಡಲಿಲ್ಲ. ಬಿದ್ದಾಗಿನಿಂದ ಅವಳು ಮಂಕಾಗಿದ್ದಳು, ಬಚ್ಚಲುಮನೆಯ ಕಡೆ ತಿರುಗಿ ನೋಡುತ್ತಿರಲಿಲ್ಲ. ಸುಮ್ಮನೆ ಮಡಿಲು ತುಂಬಿದಳು. ಅಕ್ಕಿ, ಕೊಬ್ಬರಿ, ವೀಳ್ಯದೆಲೆ ಹಾಕುವಾಗ ಅರ್ಧ ಅಕ್ಕಿ ನೆಲಕ್ಕೆ ಚೆಲ್ಲಿತು. ಇಷ್ಟು ಬೇಗ ತವರು ಬಿಟ್ಟು ಹೊರಟ ಬಾಣಂತಿಯನ್ನು ನೋಡಲು 'ಅಯ್ಯೋ ಪಾಪ' ಎನ್ನುತ್ತಾ ಬೀದಿಯ ಕೆಲವು ಹೆಂಗಸರು ಆಗಲೇ ಅಂಗಳದಲ್ಲಿ ಸೇರಿದ್ದರು.

ಆಗ ಎದುರು ಮನೆಯಾಕೆ ಹೊಳೆಯುವ ಹಿತ್ತಾಳೆ ಕೊಡ ಹಿಡಿದು ಬಂದರು. ಅವರ ಮಗಳು ಹೆರಿಗೆಗೆ ಬಂದು ಗಂಡು ಹೆತ್ತಿದ್ದಳು, ಆಸ್ಪತ್ರೆಯಿಂದ ಹಿಂದಿನ ಸಂಜೆಯಷ್ಟೇ ಮನೆಗೆ ಬಂದಿದ್ದಳು.

"ಯಜಮಾನ್ರೇ, ಇವತ್ತಿಂದ ನಮ್ಮ ಮಗೂಗೂ ನಿಮ್ಮ ಬಾವಿ ನೀರೇ. ನಿಮ್ಮ ಮೊಮ್ಮಗಳು ಎಂಥ ನಿದ್ದೆ ಮಾಡ್ತಾಳೆ, ನೋಡಿದೀನಲ್ಲ!"

ಅಪ್ಪ ಕೊಡಕ್ಕೆ ಕೈ ಚಾಚಿದರು. ನಾನು ಆಟೋದ ಹತ್ತಿರ ಹೋಗಿದ್ದವಳು ತಿರುಗಿ ಬಂದೆ.

"ತಗೊಂಡ್ಹೋಗ್ಬೇಡಿ. ಆ ನೀರಿಗೆ ತೋಟದ ವಿಷ ಸೇರಿದೆ. ನನ್ನ ಮಗು ಮಾಡಿದ್ದು ನಿದ್ದೆ ಅಲ್ಲ."

ಎದುರು ಮನೆಯಾಕೆ ಅಪ್ಪನ ಮುಖ ನೋಡಿದರು. ಉಳಿದವರೂ ನೋಡಿದರು. ಅಪ್ಪನ ಕಿವಿ ಕೆಂಪಗಾಯಿತು. ಬಾವಿಯ ಹತ್ತಿರ ಹೋಗಿ, ಒಂದು ಬಿಂದಿಗೆ ಸೇದಿ, ಚೊಂಬು ತುಂಬಿಸಿಕೊಂಡು ಬಂದು, ಎಲ್ಲರ ಎದುರು ನಿಂತು ಗಟಗಟ ಕುಡಿದರು. ಮತ್ತೆ ತುಂಬಿಸಿದರು. ಅಮ್ಮನ ಮುಂದೆ ಹಿಡಿದರು.

"ಕುಡಿಯೇ. ನೋಡ್ಲಿ ಎಲ್ರೂ."

ಅಮ್ಮನಿಗೆ ಗೊತ್ತಿತ್ತು. ಹಿಂದಿನ ದಿನ ಆ ಹಂಡೆಯ ಪಕ್ಕ ಬಿದ್ದವಳಿಗೆ ಗೊತ್ತಿಲ್ಲದೆ ಇರುತ್ತದೆಯೇ? ಅವಳು ನನ್ನ ಕಡೆ ನೋಡಲಿಲ್ಲ. ಚೊಂಬು ಇಸಿದುಕೊಂಡು ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, ಅರ್ಧ ಉಳಿದಿದ್ದ ಚೊಂಬನ್ನು ಅತ್ತಿಗೆಗೆ ಕೊಟ್ಟಳು. ಎದುರು ಮನೆಯಾಕೆಯ ಮುಖ ಸಡಿಲವಾಗಿತ್ತು. ಬಾಣಂತಿಯ ಮಾತಿಗೆ ಏನು ಬೆಲೆ ಎನ್ನುವ ಹಾಗೆ ಕೊಡವನ್ನು ಸೊಂಟಕ್ಕೆ ಏರಿಸಿ ಬಾವಿಯ ಕಡೆ ಒಂದು ಹೆಜ್ಜೆ ಇಟ್ಟರು.

ಅತ್ತಿಗೆ ಚೊಂಬು ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಅವಳ ಚಿಕ್ಕ ಮಗಳು ಸೀರೆ ಜಗ್ಗಿ, "ಅಮ್ಮಾ, ನಂಗೂ ನೀರು" ಎಂದಿತು. ಅಜ್ಜ ಅಜ್ಜಿ ಕುಡಿದದ್ದು ಅದಕ್ಕೊಂದು ಆಟದ ಹಾಗೆ ಕಂಡಿರಬೇಕು. ಅಪ್ಪ, "ಕೊಡಮ್ಮ ಮಗೂಗೆ, ಕೊಡು" ಎಂದರು. ಅಣ್ಣ ನೆಲ ನೋಡುತ್ತಿದ್ದ.

ಅತ್ತಿಗೆ ಮಾವನ ಮುಖ ನೋಡಿದಳು. ಮದುವೆಯಾಗಿ ಬಂದ ಮೇಲೆ ಅವರ ಎದುರು ತಲೆ ಎತ್ತಿದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಚೊಂಬನ್ನು ಬೋರಲು ಮಾಡಿದಳು. ನೀರು ಅಷ್ಟೂ ಅಂಗಳದ ಮಣ್ಣಿಗೆ ಬಿತ್ತು.

ಎದುರು ಮನೆಯಾಕೆ ಖಾಲಿ ಕೊಡ ಹಿಡಿದುಕೊಂಡೇ ತಿರುಗಿ ಹೋದರು. ಒಬ್ಬೊಬ್ಬರಾಗಿ ಉಳಿದವರೂ ಹೋದರು. ಅವತ್ತಿನಿಂದ ಬೀದಿಯವರು ನಮ್ಮ ಬಾವಿಗೆ ಬರಲಿಲ್ಲ. ಅಪ್ಪ ಮತ್ತೆ "ಏನಯ್ಯ" ಆದರು. ನನ್ನ ಮಗಳು ಆ ನೀರಿನಿಂದ ಪಾರಾದಳು, ದೊಡ್ಡವಳಾದಳು. ಪೂರ್ತಿ ಪಾರಾದಳೇ ಎಂದು ನನಗೆ ಹೇಳಬಲ್ಲವರು ಯಾರೂ ಇಲ್ಲ. ಅಪ್ಪ ನನ್ನನ್ನು ಬಲು ಬೇಗ ಕ್ಷಮಿಸಿದರು. ಮುಂದಿನ ಹಬ್ಬಕ್ಕೆ ಬಂದು ಕರೆದೂ ಹೋದರು. ಅವರ ಲೆಕ್ಕದಲ್ಲಿ, ಬೇರೆ ಮನೆಗೆ ಹೋದ ಮಗಳು, ಬಾಣಂತಿ, ಏನೋ ಬಾಯಿಗೆ ಬಂದದ್ದು ಅಂದಿದ್ದಳು. ಅತ್ತಿಗೆ ಏನೂ ಅಂದಿರಲಿಲ್ಲ. ಅವಳ ಕೈಯಿಂದ ಅಪ್ಪ ಸಾಯುವವರೆಗೂ ಒಂದು ಲೋಟ ನೀರೂ ಇಸಿದುಕೊಳ್ಳಲಿಲ್ಲ.

ಆದರೆ ಅದೆಲ್ಲ ಆಮೇಲಿನದು. ಅವತ್ತು ಬೆಳಿಗ್ಗೆ ನಾನು ಆಟೋ ಹತ್ತಿ ಕೂತೆ. ನನಗೆ ಹೋಗಲು ಇನ್ನೊಂದು ಮನೆ ಇತ್ತು. ಅತ್ತಿಗೆ ಖಾಲಿ ಚೊಂಬನ್ನು ಒಂದು ಕೈಯಲ್ಲಿ, ಮಗಳನ್ನು ಇನ್ನೊಂದು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಅಂಗಳದಲ್ಲೇ ನಿಂತಿದ್ದಳು. ಆಮೇಲೆ ಅಪ್ಪನ ಮುಂದೆ ಹಾದು, ಅದೇ ಮನೆಯ ಒಳಗೆ ಹೋದಳು.